ಹೇಳಿದ ಮಾತು, ಹೇಳದೆ ಬಿಟ್ಟ ಮಾತು

ಕಥೆ–ಕಾದಂಬರಿಗಳನ್ನು ಓದುವುದರಿಂದ ಭಕ್ತರಿಗೆ ಏನು ಪ್ರಯೋಜನ? ನಮ್ಮ ಸಮಾಜದ ಹಿರಿಯರು ಈ ಪ್ರಶ್ನೆಯನ್ನು ಆಗಾಗ ಕೇಳುವುದುಂಟು. ಪುರಾಣ ಶ್ರವಣದಿಂದ ಪುಣ್ಯ, ವಚನಾಭ್ಯಾಸದಿಂದ ಅರಿವು, ಕಾದಂಬರಿಯಿಂದ ಕೇವಲ ಕಾಲಹರಣ ಎಂಬ ಭಾವನೆ ಅನೇಕ ಮನೆಗಳಲ್ಲಿ ಇಂದಿಗೂ ಬೇರೂರಿದೆ. ಇನ್ನು ಕಾದಂಬರಿಯನ್ನು ಓದುವವರಲ್ಲಿಯೂ ಹಲವರು ಪುಸ್ತಕ ಮುಚ್ಚಿದೊಡನೆ ಕೇಳುವುದು ಒಂದೇ ಪ್ರಶ್ನೆಯನ್ನು: ‘ಈ ಪಾತ್ರ ಮಾಡಿದ್ದು ಸರಿಯೋ, ತಪ್ಪೋ?’ ಪ್ರಶ್ನೆ ಅಸಾಧುವೇನಲ್ಲ. ಆದರೆ ಅದನ್ನು ಕೇಳಬೇಕಾದ ಹೊತ್ತು ಅದಲ್ಲ. ಒಬ್ಬ ಮನುಷ್ಯನ ಅಂತರಂಗದಲ್ಲಿ ಏನು ನಡೆಯಿತೆಂದು ಅರಿಯುವ ಮೊದಲೇ ತೀರ್ಪು ಕೊಡಲು ಹೊರಟರೆ, ಕಥೆಯೂ ನಮಗೆ ದಕ್ಕುವುದಿಲ್ಲ, ಮನುಷ್ಯನೂ ದಕ್ಕುವುದಿಲ್ಲ.

ಮನಸ್ಸಿನ ಒಳತೋಟಿಯನ್ನು ಆಲಿಸುವ ವಿದ್ಯೆ ನಮ್ಮ ಪರಂಪರೆಗೆ ಹೊಸದಲ್ಲ. ಬಸವಣ್ಣನವರ ಎಷ್ಟೋ ವಚನಗಳು ಅವರು ತಮ್ಮ ಮನಸ್ಸಿನ ಚಂಚಲತೆಯ ಮೇಲೆ ತಾವೇ ಹೂಡಿದ ದೂರುಗಳಂತಿವೆ. ಹದಿನೈದನೆಯ ಶತಮಾನದಲ್ಲಿ ಸಂಕಲನಗೊಂಡ ‘ಶೂನ್ಯಸಂಪಾದನೆ’ಯಲ್ಲಿ, ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿರುವ ಮುಕ್ತಾಯಕ್ಕನನ್ನು ಅಲ್ಲಮಪ್ರಭುಗಳು ಮಾತಿಗೆಳೆಯುವ ಪ್ರಸಂಗವಿದೆ. ಆಕೆಗೆ ಅಜಗಣ್ಣ ಒಡಹುಟ್ಟಿದವನೂ ಹೌದು, ಗುರುವೂ ಹೌದು. ಅರಿವುಳ್ಳವರು ಅಳಬಹುದೇ ಎಂಬ ಪ್ರಶ್ನೆ ಒಂದು ಕಡೆ. ಅಣ್ಣನಿಲ್ಲದ ಮನೆಯ ಬರಿದುತನ ಇನ್ನೊಂದು ಕಡೆ. ಮುಕ್ತಾಯಕ್ಕ ಪ್ರಭುವಿನ ಮಾತಿಗೆ ಸುಲಭವಾಗಿ ತಲೆದೂಗುವುದಿಲ್ಲ; ಮಾತಿಗೆ ಮಾತು ಕೊಡುತ್ತಾಳೆ. ಸಂಕಲನಕಾರರು ಆಕೆಯ ಶೋಕವನ್ನು ಅಜ್ಞಾನವೆಂದು ಬದಿಗೆ ಸರಿಸದೆ, ಅದಕ್ಕೆ ಪೂರ್ಣ ಅವಕಾಶ ಕೊಟ್ಟರು. ಹಾಗೆ ಅವಕಾಶ ಕೊಟ್ಟುದರಿಂದಲೇ ಆ ಪ್ರಸಂಗ ಇಂದಿಗೂ ಜೀವಂತವಾಗಿದೆ.

ಮಠದ ಪಾಠಶಾಲೆಯಲ್ಲಿ ನಾವು ಹಳಗನ್ನಡ ಕಾವ್ಯಗಳನ್ನು ಓದಿದ ಕ್ರಮವನ್ನು ಇಲ್ಲಿ ಹೇಳುವುದು ಉಚಿತ. ಮೊದಲು ಪದಚ್ಛೇದ, ಅನಂತರ ಅನ್ವಯ, ಆಮೇಲೆ ತಾತ್ಪರ್ಯ. ಇಷ್ಟು ಮುಗಿದ ಮೇಲೆ ನಮ್ಮ ಗುರುಗಳು ತಪ್ಪದೆ ಒಂದು ಪ್ರಶ್ನೆ ಹಾಕುತ್ತಿದ್ದರು: ‘ಈ ಮಾತು ಯಾರದು? ಯಾರಿಗೆ ಹೇಳಿದ್ದು? ಹೇಳುವಾಗ ಅವನು ಎಲ್ಲಿ ನಿಂತಿದ್ದಾನೆ?’ ಕವಿಯ ಮಾತೇ ಬೇರೆ, ಪಾತ್ರದ ಮಾತೇ ಬೇರೆ ಎಂಬ ವಿವೇಕವನ್ನು ನಾವು ಕಲಿತದ್ದು ಆ ಪ್ರಶ್ನೆಯಿಂದ. ಮುಂದೆ ಆಧುನಿಕ ಕಾದಂಬರಿಗಳನ್ನು ಓದುವಾಗಲೂ ಅದೇ ಪ್ರಶ್ನೆ ನಮ್ಮ ಕೈಹಿಡಿದು ನಡೆಸಿದೆ. ಬೇರೆಬೇರೆ ಕಾಲದ ಮೂರು ಕನ್ನಡ ಕೃತಿಗಳನ್ನು ಆಧಾರವಾಗಿಟ್ಟುಕೊಂಡು ಈ ವಿಚಾರವನ್ನು ತುಸು ವಿಶದಪಡಿಸುತ್ತೇವೆ.

ಮೊದಲನೆಯದು ಜನ್ನಕವಿಯ ‘ಯಶೋಧರ ಚರಿತೆ’. ಹೊಯ್ಸಳರ ಆಶ್ರಯದಲ್ಲಿದ್ದ ಈ ಜೈನಕವಿ 1209ರಲ್ಲಿ ಇದನ್ನು ರಚಿಸಿದನು. ಚಂಡಮಾರಿಗೆ ಬಲಿಕೊಡಲು ಹಿಡಿದು ತಂದ ಅಭಯರುಚಿಯೆಂಬ ಬಾಲಕ, ಮಾರಿದತ್ತ ರಾಜನ ಮುಂದೆ ನಿರ್ಭಯನಾಗಿ ನಿಂತು ತನ್ನ ಪೂರ್ವಜನ್ಮದ ವೃತ್ತಾಂತವನ್ನು ಹೇಳುವುದು ಇದರ ಕಥಾಕ್ರಮ. ಆ ಜನ್ಮದಲ್ಲಿ ಅವನು ಉಜ್ಜಯಿನಿಯ ಅರಸು ಯಶೋಧರ. ಪಟ್ಟದರಸಿ ಅಮೃತಮತಿಯು ಮಾವುತನೊಬ್ಬನಲ್ಲಿ ಅನುರಕ್ತಳಾದುದನ್ನು ಅವನು ಕಣ್ಣಾರೆ ಕಂಡನು. ಎತ್ತಿದ ಕತ್ತಿಯನ್ನು ವಿವೇಕದಿಂದ ತಡೆದನು. ಇಲ್ಲಿಯವರೆಗೆ ಅವನ ಸಂಯಮಕ್ಕೆ ನಾವು ತಲೆಬಾಗುತ್ತೇವೆ.

ಆದರೆ ಮುಂದೆ ನಡೆದುದೇನು? ಮಗನ ಬಾಡಿದ ಮುಖವನ್ನು ಕಂಡು ತಾಯಿ ಚಂದ್ರಮತಿ ಕಾರಣ ಕೇಳುತ್ತಾಳೆ. ಯಶೋಧರನು ನಿಜವನ್ನು ಹೇಳಲಾರನು. ಕೆಟ್ಟ ಕನಸು ಬಿತ್ತೆಂದು ಮರೆಮಾಚುತ್ತಾನೆ. ತಾಯಿಗೆ ಮಗನ ಮೇಲೆ ಮಮತೆ. ಕನಸಿನ ದೋಷ ಕಳೆಯಲು ದೇವಿಗೆ ಬಲಿಕೊಡು ಎನ್ನುತ್ತಾಳೆ. ಜೀವದಯೆಯಲ್ಲಿ ನಂಬಿಕೆಯುಳ್ಳ ಮಗನು ಒಪ್ಪುವುದಿಲ್ಲ. ತಾಯಿ ಬಿಡುವುದಿಲ್ಲ. ಕಡೆಗೆ ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿಕೊಡುವುದೆಂದು ಒಪ್ಪಂದವಾಗುತ್ತದೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿತು. ಜೀವವಿಲ್ಲದುದನ್ನು ಕೊಂದರೂ ಕೊಲ್ಲುವ ಸಂಕಲ್ಪ ಸಂಕಲ್ಪವೇ ಎಂದು ಕವಿಯ ನಿರ್ಣಯ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ–ಮಗ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ.

ಇದನ್ನು ಅಹಿಂಸೆಯ ಉಪದೇಶವೆಂದು ಓದುವುದು ಸರಿಯೇ. ಆದರೆ ಯಶೋಧರನ ಅಂತರಂಗವನ್ನು ಅರಿಯಬೇಕಾದರೆ ಹಿಟ್ಟಿನ ಕೋಳಿಗಿಂತ ಹಿಂದಕ್ಕೆ ಹೋಗಬೇಕು. ಅವನ ಪತನ ಆರಂಭವಾದುದು ಬಲಿಪೀಠದ ಮುಂದಲ್ಲ, ತಾಯಿಯ ಮುಂದೆ. ನಾಚಿಕೆಯಿಂದಲೋ, ಮನೆತನದ ಮಾನ ಕಾಯಲೋ, ಅವನು ಒಂದು ಮಾತನ್ನು ನುಂಗಿದನು. ನುಂಗಿದ ಆ ಮಾತಿನ ಜಾಗದಲ್ಲಿ ಸುಳ್ಳು ಕನಸೊಂದು ಬಂದು ಕುಳಿತಿತು. ತಾಯಿ ನಿಜವಾದ ಪ್ರೀತಿಯಿಂದ, ಇಲ್ಲದ ರೋಗಕ್ಕೆ ಮದ್ದು ಅರೆದಳು. ತಾನು ಹುಟ್ಟಿಸಿದ ಸುಳ್ಳನ್ನು ಕಾಪಾಡಲು ಮಗನು ತನ್ನ ಧರ್ಮವನ್ನೇ ಅರ್ಧಕ್ಕೆ ಇಳಿಸಿದನು. ಇಬ್ಬರಲ್ಲಿ ಯಾರೂ ದುಷ್ಟರಲ್ಲ. ಆದರೂ ಅನರ್ಥ ಸಂಭವಿಸಿತು.

ಇದನ್ನೆಲ್ಲ ಹೇಳುತ್ತಿರುವವನು ಅದೇ ಯಶೋಧರನೇ ಎಂಬುದನ್ನು ಮರೆಯಬಾರದು. ಆದರೆ ಹಲವು ಜನ್ಮಗಳನ್ನು ದಾಟಿ ಬಂದು ಹೇಳುತ್ತಿದ್ದಾನೆ. ಮಾಡಿದವನಿಗೂ ಹೇಳುವವನಿಗೂ ನಡುವೆ ಅಷ್ಟು ದೂರವಿರುವುದರಿಂದ ಅವನಿಗೆ ತನ್ನನ್ನು ಸಮರ್ಥಿಸಿಕೊಳ್ಳುವ ಹಂಬಲವಿಲ್ಲ. ತನ್ನ ದೋಷವನ್ನು ಪರರ ದೋಷದಂತೆ ಬಿಚ್ಚಿಡುತ್ತಾನೆ. ಇಂಥ ನಿರೂಪಕನನ್ನು ನಾವು ನಿಶ್ಚಿಂತೆಯಿಂದ ನಂಬಬಹುದು.

ಎರಡನೆಯದು ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’. 1965ರಲ್ಲಿ ಈ ಕಾದಂಬರಿ ಪ್ರಕಟವಾದಾಗ ಎದ್ದ ವಾದವಿವಾದಗಳನ್ನು ಹಿರಿಯ ಓದುಗರು ಬಲ್ಲರು. ಅದನ್ನು ಆಧರಿಸಿದ ಚಲನಚಿತ್ರವನ್ನು ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದಿತ್ತು. 1970ರಲ್ಲಿ ಬಿಡುಗಡೆಯಾದ ಮೇಲೆ ಅದೇ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕ ದೊರಕಿತು. ಪಾತ್ರದ ಮಾತನ್ನೇ ಲೇಖಕನ ಮಾತೆಂದು ತಿಳಿದವರು ಅಂದು ಕಡಿಮೆ ಇರಲಿಲ್ಲ.

ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರಭ್ರಷ್ಟನಾದ ನಾರಣಪ್ಪ ಸತ್ತಿದ್ದಾನೆ. ಅವನ ಶವಸಂಸ್ಕಾರವನ್ನು ಯಾರು ಮಾಡಬೇಕು ಎಂಬುದಕ್ಕೆ ಪ್ರಾಣೇಶಾಚಾರ್ಯರು ಉತ್ತರ ಹುಡುಕಬೇಕು. ತಾಳೆಗರಿಗಳಲ್ಲಿ ಉತ್ತರವಿಲ್ಲ. ಮಾರುತಿಯ ಗುಡಿಯಲ್ಲಿಯೂ ದೇವರು ಪ್ರಸಾದ ಕೊಡಲಿಲ್ಲ. ಹಿಂತಿರುಗುವ ದಾರಿಯ ಕತ್ತಲಲ್ಲಿ, ನಾರಣಪ್ಪನ ಜೊತೆಗಿದ್ದ ಚಂದ್ರಿಯ ಸಂಗ ಅವರಿಗೆ ಒದಗುತ್ತದೆ. ಅಲ್ಲಿಂದ ಮುಂದಿನ ಕಾದಂಬರಿಯೆಲ್ಲ ಅವರ ಮನಸ್ಸಿನ ತೊಳಲಾಟ: ಅದು ತಾನಾಗಿ ನಡೆದುದೋ, ತಾನು ಬಯಸಿ ನಡೆಸಿದುದೋ? ಅಗ್ರಹಾರದವರಿಗೆ ಹೇಳಿಬಿಡಬೇಕೋ, ಮುಚ್ಚಿಟ್ಟುಕೊಳ್ಳಬೇಕೋ?

ಇಲ್ಲಿ ಕಥೆ ಹೇಳುವವನು ಪಾತ್ರವಲ್ಲ, ಹೊರಗಿನ ನಿರೂಪಕ. ಆದರೆ ಅವನು ದೂರ ನಿಂತು ನೋಡುವುದಿಲ್ಲ. ಆಚಾರ್ಯರ ಹೆಗಲಿಗೆ ಹೆಗಲು ಕೊಟ್ಟು ನಡೆಯುತ್ತಾನೆ. ಅವರು ಅಂಜಿದಾಗ ವಾಕ್ಯಗಳೂ ಅಂಜುತ್ತವೆ. ಅವರು ತರ್ಕಕ್ಕೆ ಬಿದ್ದಾಗ ಕಥೆಯೂ ತರ್ಕಕ್ಕೆ ಬೀಳುತ್ತದೆ. ತೀರ್ಪನ್ನು ಮಾತ್ರ ಅವನು ಕೊಡುವುದಿಲ್ಲ. ಆಚಾರ್ಯರು ದೂರ್ವಾಸಪುರದತ್ತ ಹಿಂತಿರುಗುವಾಗ ಕಥೆ ನಿಂತುಬಿಡುತ್ತದೆ. ಅವರು ನಿಜವನ್ನು ಹೇಳಿದರೋ ಇಲ್ಲವೋ ನಮಗೆ ತಿಳಿಯದು.

ಈ ಕಾದಂಬರಿಯನ್ನು ಎರಡನೆಯ ಬಾರಿ ಓದುವವರಿಗೆ ಒಂದು ವಿಷಯ ಗೋಚರಿಸುತ್ತದೆ. ಆಚಾರ್ಯರ ದ್ವಂದ್ವ ಆರಂಭವಾದುದು ಚಂದ್ರಿಯಿಂದಲ್ಲ. ಅವರು ರೋಗಿಷ್ಠೆಯಾದ ಭಾಗೀರಥಿಯನ್ನು ತಿಳಿದೂ ತಿಳಿದೂ ಮದುವೆಯಾದವರು. ವರ್ಷಗಟ್ಟಲೆ ಅವಳ ಸೇವೆ ಮಾಡಿದವರು. ಮೊದಲ ಓದಿನಲ್ಲಿ ಇದು ಮಹಾತ್ಯಾಗವೆನಿಸುತ್ತದೆ. ಎರಡನೆಯ ಓದಿನಲ್ಲಿ, ಆ ಸೇವೆಯನ್ನು ಅವರು ತಮ್ಮ ಸಾಧನೆಯ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುತ್ತಿದ್ದುದು ಕಣ್ಣಿಗೆ ಬೀಳುತ್ತದೆ. ಹಾಸಿಗೆ ಹಿಡಿದ ಆ ಹೆಣ್ಣುಮಗಳ ಮನಸ್ಸಿನಲ್ಲಿ ಏನಿತ್ತೆಂದು ಅವರು ಎಷ್ಟು ಬಾರಿ ವಿಚಾರಿಸಿದರು? ದಾಸೋಹವೆಂದರೆ ‘ಮಾಡಿದೆನು’ ಎಂಬ ಭಾವವನ್ನೇ ಬಿಡುವುದು ಎಂದು ಕಲಿತ ನಮಗೆ, ಈ ಸೂಕ್ಷ್ಮ ಬೇಗ ತಿಳಿಯಬೇಕು. ಎಣಿಕೆ ಇಟ್ಟುಕೊಂಡ ಸೇವೆ ಒಳಗೊಳಗೇ ಕೂಲಿಯನ್ನು ಬೇಡುತ್ತಿರುತ್ತದೆ. ಆಚಾರ್ಯರು ಕೆಟ್ಟವರಲ್ಲ. ತಮ್ಮ ಒಳ್ಳೆಯತನದ ಬಗ್ಗೆ ಅವರಿಗಿದ್ದ ಭರವಸೆಯೇ ಅವರ ಕಣ್ಣಿಗೆ ಪೊರೆಯಾಗಿತ್ತು. ಕತ್ತಲ ದಾರಿಯ ಘಟನೆಯ ನಂತರ ಆ ಪೊರೆ ಹರಿಯಿತು. ಹರಿದಾಗ ಆದ ನೋವೇ ಕಾದಂಬರಿ.

ಮೂರನೆಯದು ಈ ಶತಮಾನದ ಕೃತಿ: ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಪ್ರಕಟವಾದ ಈ ಕಿರು ಕಾದಂಬರಿ, ಶ್ರೀನಾಥ್ ಪೇರೂರ್ ಅವರ ಇಂಗ್ಲಿಷ್ ಅನುವಾದದ ಮೂಲಕ ಹೊರದೇಶಗಳಲ್ಲಿಯೂ ಓದುಗರನ್ನು ಪಡೆದಿದೆ. ನೂಲೋ ದಾರವೋ ಬಿಡಿಸಲಾರದಂತೆ ಗಂಟು ಬಿದ್ದುದಕ್ಕೆ ಒಂದು ಮನೆಯ ಮಕ್ಕಳು ಇಟ್ಟುಕೊಂಡ ಹೆಸರು ‘ಘಾಚರ್ ಘೋಚರ್’. ಆ ಮನೆಯ ಮಗಳು ಅನಿತಾ ಬೆಂಗಳೂರಿನ ಒಂದು ಕುಟುಂಬಕ್ಕೆ ಸೊಸೆಯಾಗಿ ಬರುತ್ತಾಳೆ. ಕಥೆ ಹೇಳುವವನು ಅವಳ ಗಂಡ. ಅವನ ಹೆಸರು ನಮಗೆ ತಿಳಿಯುವುದಿಲ್ಲ.

ಒಂದು ಕಾಲಕ್ಕೆ ಆ ಕುಟುಂಬ ರೈಲಿನ ಡಬ್ಬಿಗಳಂತೆ ಒಂದರ ಹಿಂದೆ ಒಂದು ಕೋಣೆಗಳಿದ್ದ ಚಿಕ್ಕ ಮನೆಯಲ್ಲಿ ಇರುವೆಗಳ ಜೊತೆ ಹೋರಾಡುತ್ತ ಬದುಕಿತ್ತು. ಅಪ್ಪನ ಕೆಲಸ ಹೋದ ಮೇಲೆ ಬಂದ ಹಣವನ್ನು ತೊಡಗಿಸಿ ಚಿಕ್ಕಪ್ಪ ಮಸಾಲೆ ಪುಡಿಯ ವ್ಯಾಪಾರ ತೆಗೆದನು. ಸಂಪತ್ತು ಬಂತು. ದುಡಿಯುವವನು ಚಿಕ್ಕಪ್ಪ ಒಬ್ಬನೇ. ಉಳಿದವರೆಲ್ಲ ಅವನ ಸುಖವನ್ನು ಕಾಯುವವರು. ಕಥೆ ಹೇಳುವ ಯುವಕನಿಗೆ ಸಂಸ್ಥೆಯಲ್ಲಿ ಹೆಸರಿಗೆ ಒಂದು ಹುದ್ದೆಯಿದೆ, ಸಂಬಳವಿದೆ, ಕೆಲಸ ಮಾತ್ರವಿಲ್ಲ. ಅವನು ಕಾಫಿಹೌಸಿನಲ್ಲಿ ಕುಳಿತು ಹೊತ್ತು ಕಳೆಯುತ್ತಾನೆ. ತಾನು ದುಡಿಯುವುದಿಲ್ಲವೆಂಬುದನ್ನು ಹೆಂಡತಿಗೆ ಮದುವೆಗೆ ಮೊದಲು ಹೇಳಿರಲಿಲ್ಲ. ಚಿಕ್ಕಪ್ಪನನ್ನು ಹುಡುಕಿಕೊಂಡು, ಅಡುಗೆ ಮಾಡಿಕೊಂಡು ಬಂದ ಒಬ್ಬ ಹೆಂಗಸನ್ನು ಮನೆಯ ಹೆಣ್ಣುಮಕ್ಕಳು ಬಾಗಿಲಲ್ಲೇ ಅವಮಾನಿಸಿ ಅಟ್ಟುತ್ತಾರೆ. ಅನಿತಾ ಪ್ರತಿಭಟಿಸುತ್ತಾಳೆ. ಅವಳ ಗಂಡ ಸುಮ್ಮನಿರುತ್ತಾನೆ.

ಇಲ್ಲಿ ಹೇಳುವವನ ಮಾತು ಸೌಮ್ಯ, ಧಾಟಿ ಆಪ್ತ. ಅವನು ಯಾರನ್ನೂ ಹಳಿಯುವುದಿಲ್ಲ. ಪ್ರತಿಯೊಂದಕ್ಕೂ ಅವನಲ್ಲಿ ವಿವರಣೆಯಿದೆ. ಅಮ್ಮ ಹಾಗೇಕೆ ಮಾಡಿದಳು, ಅಕ್ಕ ಮಾಲತಿ ಹಾಗೇಕೆ ಮಾತಾಡಿದಳು, ತಾನೇಕೆ ನಡುವೆ ಬರಲಿಲ್ಲ ಎಂಬುದೆಲ್ಲ ಅವನಿಗೆ ಗೊತ್ತಿದೆ. ಓದುತ್ತ ಓದುತ್ತ ನಾವೂ ತಲೆದೂಗುತ್ತೇವೆ. ಕಥೆ ಮುಗಿಯುವ ಹೊತ್ತಿಗೆ, ಊರಿಗೆ ಹೋದ ಅನಿತಾ ಇನ್ನೂ ಬಂದಿಲ್ಲವೆಂಬ ಸಂಗತಿ ಎದೆಯನ್ನು ಒತ್ತತೊಡಗುತ್ತದೆ. ಅವನು ಅಂಜುತ್ತಿರುವುದೇನೆಂದು ಅವನು ಹೇಳುವುದಿಲ್ಲ. ಹೇಳದೆ ಬಿಟ್ಟುದನ್ನು ನಾವೇ ಕೂಡಿಸಿಕೊಳ್ಳಬೇಕು. ಆಗ ತಿಳಿಯುತ್ತದೆ: ಅಷ್ಟು ಹೊತ್ತು ಅವನು ನಮಗೆ ಕಥೆ ಹೇಳುತ್ತಿರಲಿಲ್ಲ, ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದನು.

ಮೂರು ಕೃತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಕ್ರಮ ಕಾಣುತ್ತದೆ. ಜನ್ನನ ಅಭಯರುಚಿ ತನ್ನ ಅಂತರಂಗವನ್ನು ತಾನೇ ತೋರಿಸುತ್ತಾನೆ. ‘ಸಂಸ್ಕಾರ’ದ ನಿರೂಪಕ ನಮ್ಮನ್ನು ಪಾತ್ರದ ಅಂತರಂಗಕ್ಕೆ ಕರೆದೊಯ್ದು ಅಲ್ಲಿಯೇ ಬಿಟ್ಟು ಬರುತ್ತಾನೆ. ‘ಘಾಚರ್ ಘೋಚರ್’ನ ಯುವಕ ತನ್ನ ಅಂತರಂಗವನ್ನು ಮಾತಿನಿಂದಲೇ ಮುಚ್ಚುತ್ತಾನೆ. ಹೇಳುವವನು ಹಿಂದೆ ಸರಿದಷ್ಟೂ ಓದುಗನ ಹೊಣೆ ಹೆಚ್ಚುತ್ತದೆ. ಪಾತ್ರವು ತನ್ನ ಮನಸ್ಸಿನ ಬಗ್ಗೆ ಏನು ಹೇಳಿಕೊಳ್ಳುತ್ತದೆ ಎಂಬುದರಲ್ಲಿ ಅದರ ದ್ವಂದ್ವ ಪೂರ್ತಿಯಾಗಿ ಸಿಗುವುದಿಲ್ಲ. ಅದು ಮಾಡಿದ್ದಕ್ಕೂ ಹೇಳಿದ್ದಕ್ಕೂ ನಡುವೆ ಇರುವ ಅಂತರದಲ್ಲಿ ಸಿಗುತ್ತದೆ. ನಡೆ–ನುಡಿಗಳ ಅಂತರವನ್ನು ಅಳೆಯುವುದನ್ನು ಶರಣರಿಂದ ಕಲಿತ ಸಮಾಜಕ್ಕೆ ಇದು ಅಪರಿಚಿತ ವಿದ್ಯೆಯಾಗಬಾರದು.

ಕಳೆದ ಕೆಲವು ವರ್ಷಗಳಿಂದ ಶ್ರಾವಣದ ಪ್ರವಚನ ಮುಗಿದ ಮೇಲೆ ನಾಲ್ಕಾರು ಮನೆಗಳವರು ಕೂಡಿ ಪುಸ್ತಕಗಳ ಬಗ್ಗೆ ಮಾತನಾಡುವ ಪರಿಪಾಠವನ್ನು ಇಟ್ಟುಕೊಂಡಿದ್ದೇವೆ. ಅಲ್ಲಿ ‘ಘಾಚರ್ ಘೋಚರ್’ನ ಚರ್ಚೆ ನಡೆದಾಗ, ತರುಣರು ಗಂಡನದು ತಪ್ಪೋ ಹೆಂಡತಿಯದು ತಪ್ಪೋ ಎಂದು ವಾದಕ್ಕಿಳಿದರು. ಒಕ್ಕಲುತನದ ದೊಡ್ಡ ಮನೆಯ ಯಜಮಾನಿಯೊಬ್ಬರು, ಎಪ್ಪತ್ತರ ಆಸುಪಾಸಿನವರು, ಬಹಳ ಹೊತ್ತು ಕೇಳಿಸಿಕೊಂಡು ಕಡೆಗೆ ಹೇಳಿದರು: ‘ಆ ಮನ್ಯಾಗ ಯಾರೂ ಸುಳ್ಳು ಹೇಳೂದಿಲ್ಲರಿ ಶಾಸ್ತ್ರಿಗಳ. ಆದ್ರ ಯಾರೂ ಖರೇನೂ ಹೇಳೂದಿಲ್ಲ.’ ಸ್ವಲ್ಪ ತಡೆದು, ‘ನಮ್ಮ ಮನ್ಯಾಗೂ ಸೊಸಿ ಸುಮ್ಮಿದ್ಲಂದ್ರ ಆಕೀಗಿ ಎಲ್ಲಾ ಒಪ್ಪಿಗಿ ಐತಿ ಅಂತ ತಿಳ್ಕೊಂಡಿದ್ವಿ’ ಎಂದರು. ಕೂಡಿದವರೆಲ್ಲ ಒಂದು ಗಳಿಗೆ ಮೌನವಾದರು. ಆ ತಾಯಿಯ ಪಕ್ಕದಲ್ಲಿಯೇ ಅವರ ಸೊಸೆ ಕುಳಿತಿದ್ದಳು. ಅವಳು ತಲೆ ಎತ್ತಿ ಅತ್ತೆಯನ್ನು ನೋಡಿದಳು, ಮಾತಾಡಲಿಲ್ಲ. ಆ ಮನೆಯಲ್ಲಿ ಆಮೇಲೆ ಏನು ಮಾತು ನಡೆಯಿತೆಂದು ನಾವು ಕೇಳಲು ಹೋಗಲಿಲ್ಲ. ಕೇಳುವ ಅಧಿಕಾರವೂ ನಮ್ಮದಲ್ಲ.

ಕಾದಂಬರಿಯ ಪ್ರಯೋಜನವೇನು ಎಂದು ಕೇಳುವವರಿಗೆ ನಮ್ಮ ಉತ್ತರ ಇದೇ. ಜನರು ತಮ್ಮ ತೊಂದರೆಗಳನ್ನು ಹೊತ್ತು ಮಠಕ್ಕೆ ಬರುತ್ತಾರೆ. ಆಸ್ತಿಯ ಪಾಲು, ಮಗಳ ಸಂಸಾರ, ಮಗನ ದುಶ್ಚಟ. ಅಲ್ಲಿ ಕುಳಿತು ಕೇಳಿಸಿಕೊಂಡ ಅನುಭವದಿಂದ ಹೇಳುತ್ತೇವೆ: ಹೇಳಲು ಬಂದವರು ಸುಳ್ಳು ಹೇಳುವುದು ಕಡಿಮೆ. ತಮಗೆ ಸಹಿಸಲಾಗದ ಒಂದು ಮಾತನ್ನು ಬಿಟ್ಟು, ಉಳಿದುದನ್ನೆಲ್ಲ ಹೇಳುತ್ತಾರೆ. ಬಹಳ ಸಾರಿ ಆ ಬಿಟ್ಟ ಮಾತಿನಲ್ಲಿಯೇ ಬಿಕ್ಕಟ್ಟಿನ ಬೇರು ಇರುತ್ತದೆ. ಇನ್ನೊಂದು ಸಂಗತಿ. ಮನೆಯವರು ಮಾತನಾಡುವಾಗ ‘ನಾವು’ ಎನ್ನುತ್ತಾರೆ. ‘ನಮಗೆಲ್ಲ ಹೀಗನಿಸಿತು’, ‘ನಮ್ಮ ಮನೆಯಲ್ಲಿ ಹಾಗಿಲ್ಲ.’ ಈ ಲೇಖನದಲ್ಲಿ ನಾವೂ ‘ನಾವು’ ಎಂದೇ ಬರೆಯುತ್ತಿದ್ದೇವೆ. ಅದು ನಾವು ಬೆಳೆದ ಮಠದ ರೂಢಿ, ‘ನಾನು’ ಎಂಬುದನ್ನು ತಗ್ಗಿಸಲು ಹಿರಿಯರು ಕಲಿಸಿದ್ದು. ಆದರೆ ಕುಟುಂಬದ ‘ನಾವು’ ಕೆಲವೊಮ್ಮೆ ಒಳಗಿರುವ ಒಂದು ದನಿಯನ್ನು ಅಡಗಿಸುವ ‘ನಾವು’ ಆಗಿಬಿಡುತ್ತದೆ. ಆ ದನಿ ಯಾರದೆಂದು ಹುಡುಕಬೇಕಾದರೆ ಕಿವಿ ಪಳಗಿರಬೇಕು. ಕಥೆಗಳ ಓದು ಆ ಕಿವಿಯನ್ನು ಪಳಗಿಸುತ್ತದೆ.

ಒಂದು ಎಚ್ಚರಿಕೆಯೂ ಅಗತ್ಯ. ಅರಿಯುವುದು ಬೇರೆ, ಒಪ್ಪುವುದು ಬೇರೆ. ಕಾಯಕವಿಲ್ಲದೆ ಸಂಬಳ ತಿನ್ನುವ ಆ ಯುವಕನ ಸಂಕೋಚ, ಸಂಕಟಗಳು ಅರ್ಥವಾದ ಮಾತ್ರಕ್ಕೆ ಅವನ ಮೌನ ನಿರ್ದೋಷವಾಗುವುದಿಲ್ಲ. ಅವನ ಮೌನದ ಬೆಲೆಯನ್ನು ತೆರುವವಳು ಅನಿತಾ. ಪಾತ್ರವನ್ನು ಥಟ್ಟನೆ ಖಂಡಿಸುವುದು ಹೇಗೆ ಆತುರವೋ, ಥಟ್ಟನೆ ಕ್ಷಮಿಸುವುದೂ ಹಾಗೆಯೇ ಆತುರ. ತೀರ್ಪು ಬೇಡವೆಂದು ನಾವು ಹೇಳುತ್ತಿಲ್ಲ. ಅದು ಅರಿವಿನ ಹಿಂದೆ ಬರಲಿ ಎನ್ನುತ್ತಿದ್ದೇವೆ.

ಆದುದರಿಂದ ಮನೆಯಲ್ಲಿ ಕಥೆಯನ್ನೋ ಕಾದಂಬರಿಯನ್ನೋ ಓದುವಾಗ ಮೂರು ಪ್ರಶ್ನೆಗಳನ್ನು ಜೊತೆಗಿಟ್ಟುಕೊಳ್ಳಿರಿ. ಇದನ್ನು ಯಾರು, ಯಾರಿಗೆ, ಯಾವ ದೂರದಿಂದ ಹೇಳುತ್ತಿದ್ದಾರೆ? ಎಲ್ಲಿ ಕಾರಣಗಳು ಬೇಕಾದುದಕ್ಕಿಂತ ಹೆಚ್ಚಾದವು? ಹೇಳಬೇಕಾಗಿದ್ದ ಯಾವ ಮಾತು ಹೇಳದೆ ಉಳಿಯಿತು? ಮಕ್ಕಳಿಗೂ ಈ ಪ್ರಶ್ನೆಗಳನ್ನು ಹಾಕಿರಿ. ಅವರು ಉತ್ತರಿಸುವಾಗ ತಿದ್ದಲು ಅವಸರಪಡಬೇಡಿರಿ. ಯಶೋಧರನ ತಾಯಿಗೆ ಮಗನ ಮೇಲೆ ಮಮತೆಗೆ ಕೊರತೆಯಿರಲಿಲ್ಲ. ಆದರೆ ಕನಸಿನ ಮಾತು ಕೇಳಿದೊಡನೆ ಪರಿಹಾರ ಸೂಚಿಸುವ ಬದಲು, ಮಗನ ಮುಖವನ್ನು ಇನ್ನೊಮ್ಮೆ ನೋಡಿ, ‘ಇಷ್ಟೇ ಏನಪ್ಪಾ?’ ಎಂದು ಕೇಳಿದ್ದರೆ ಆ ಕಥೆ ಬೇರೆಯಾಗುತ್ತಿತ್ತೇನೋ. ನಮ್ಮ ನಮ್ಮ ಮನೆಗಳಲ್ಲಿ ಆ ಇನ್ನೊಂದು ಪ್ರಶ್ನೆಯನ್ನು ಕೇಳುವ ತಾಳ್ಮೆ ಸರ್ವರಿಗೂ ಲಭಿಸಲೆಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.